ರೋಬೋ ಕುಂಟುವ ಕಾಲು

ಡೈರೆಕ್ಟರ್ ಸಾಹೇಬರೇ,

ಇವತ್ತು ನಿಮ್ಮ ಹೊಸ ಸಿನಿಮಾ ನೋಡಿದೆ. ಟಿವಿಯ ಆ ಅಂತರಿಕ್ಷ ಧಾರಾವಾಹಿಯ ನಾಯಕನ ಪಾತ್ರ ಬಳಸುವ ಹಕ್ಕು ನಮಗೆ ಸಿಗಲಿಲ್ಲವೆಂದು, ಅದರಲ್ಲಿ ಬಾಗಿಲು ಕಾಯುತ್ತಿದ್ದ ರೋಬೋವನ್ನೇ ಹೀರೋ ಮಾಡಿ ನಿಮ್ಮಪ್ಪನ ಗ್ಯಾರೇಜಿನಲ್ಲಿ ಮೊದಲ ಸಿನಿಮಾ ತೆಗೆದೆವಲ್ಲ. ಆ ರೋಬೋ ನಾನಾಗಿದ್ದೆ. ಈ ಹೊಸದರಲ್ಲಿ ಅದೇ ರೋಬೋ ಆಗಿರುವವನು ಯಾರೋ ಚೆಲುವ. ಅಳತೆ ಕೊಟ್ಟು ಮಾಡಿಸಿದ ಬೂಟು ಬೇರೆ. ಆದರೂ ಕುಂಟುತ್ತಾನೆ.

ಬೂಟು ಬಿಗಿಯಾಗಿತ್ತೆಂದು ನಾನು ಕುಂಟಿದ್ದು. "ಇರ್ಲಿ ಬಿಡೋ, ಚೆನ್ನಾಗಿ ಕಾಣ್ತಿದೆ" ಅಂದವನು ನೀನು.

ಪಕ್ಕದ ಸೀಟಿನ ಹೆಂಗಸು, "ಆ ನಡಿಗೆ ನೋಡಿದ್ರೆ ಕರುಳು ಚುರುಕ್ ಅನ್ನುತ್ತೆ" ಎಂದರು. ನನಗೆ ಉರಿದದ್ದು ಹೊಟ್ಟೆ.

ಕೊನೆಯವರೆಗೂ ತಪ್ಪು ಹುಡುಕುತ್ತ ಕೂತೆ. ಒಂದೇ ಸಿಕ್ಕಿತು. ಅವನು ಬಲಗಾಲಲ್ಲಿ ಕುಂಟುತ್ತಾನೆ. ನೋಯುತ್ತಿದ್ದದ್ದು ಎಡಗಾಲು ಕಣೋ. ಶೂಟಿಂಗ್ ಮುಗಿದ ಮೇಲೆ ದಿನಾ ಆ ಬೂಟನ್ನು ಎಳೆದು ತೆಗೆಯುತ್ತಿದ್ದವನು ನೀನೇ.