ಖಾರವಿಲ್ಲದ ಮಿರ್ಚಿ

ಪ್ರಿಯ ಮೈಲಾರಲಿಂಗಪ್ಪ,

ನೀನು ತೀರಿಕೊಂಡು ವರ್ಷವಾಯಿತು. ಆದರೂ ಇವತ್ತಿನ ಜಗಳದ ವರದಿಯನ್ನು ನಿನಗೆ ಒಪ್ಪಿಸದಿದ್ದರೆ ನನಗೆ ಊಟ ಸೇರುವುದಿಲ್ಲ.

ಸಂಜೆ ವಿನೋಬನಗರದ ನಮ್ಮ ಮಾಮೂಲಿ ಮಂಡಕ್ಕಿ ಅಂಗಡಿಯಲ್ಲಿ, ಎಂದಿನಂತೆ ಒಂದೇ ಪೇಪರಿನ ಮೇಲೆ ಮಂಡಕ್ಕಿ ಸುರುವಿಕೊಂಡು ಎಲ್ಲರೂ ಕೈ ಹಾಕಿದ್ದೆವು. ನಿಂಗರಾಜ್ ಮಿರ್ಚಿ ಬಜ್ಜಿ ಕಚ್ಚುತ್ತಾ, "ನಮ್ಮ ಓಣಿಗೆ ಕೊರೋನಾ ತಂದಾವ ಮೈಲಾರಿನೇ ಬಿಡ್ರಿ" ಎಂದ.

ನನಗೆ ರೇಗಿತು. "ಹರಿಹರದಾಗ ಕಣ್ಣಿನ ಆಪರೇಷನ್‌ಗೆ ಹೋದಾಗ ಟೆಸ್ಟ್ ಮಾಡಿದ್ರು, ಸಿಕ್ಕಿಬಿದ್ದ. ಅವನಿಗೆ ಒಂದು ಸೀನೂ ಬಂದಿರಲಿಲ್ಲ. ನಾವ್ಯಾರಾದ್ರೂ ಟೆಸ್ಟ್ ಮಾಡಿಸಿದ್ವೇನಪ್ಪ? ಅವನಿಗೆ ಅಂಟಿಸಿದ್ದು ನೀನೇ ಯಾಕಾಗಿರಬಾರದು?" ಎಂದು ಕೂಗಾಡಿದೆ. ಆಂಬುಲೆನ್ಸ್ ಹತ್ತುವಾಗ ನೀನು, "ನಾನು ಗಟ್ಟಿ ಅದೀನಿ, ಗಾಡಿ ಕೆಟ್ರೆ ನಾನೇ ತಳ್ಳತೀನಿ" ಎಂದಿದ್ದನ್ನೂ ನೆನಪಿಸಿದೆ.

ನಿಂಗರಾಜ್ ಮಂಡಕ್ಕಿ ಕೆದಕುತ್ತಾ ಕೇಳಿದ: "ಅದು ಸರಿ ಶಿವಯೋಗಪ್ಪನೋರೆ, ಅದರ ಹಿಂದಿನ ವಾರ ಮಿರ್ಚಿ ಸಪ್ಪಗೈತೆ, ಖಾರನೇ ಇಲ್ಲ ಅಂತ ಇಲ್ಲೇ ಜಗಳ ಆಡಿದವರು ಯಾರ್ರಿ?"

ಅಂಗಡಿಯೆಲ್ಲ ಗೊಳ್ಳೆಂದಿತು. ನಾನೂ ನಕ್ಕೆ. ಹಳೆಯ ಚುನಾವಣೆಗಳ ಭರವಸೆಗಳನ್ನೆಲ್ಲ ಬಾಯಿಪಾಠ ಹೇಳುವ ನನಗೆ, ನಿನಗಿಂತ ಮೊದಲೇ ನನ್ನ ನಾಲಿಗೆಯ ರುಚಿ ಹೋಗಿತ್ತೆಂಬುದೊಂದು ನೆನಪಿರಲಿಲ್ಲ ನೋಡು.

ಆಸ್ಪತ್ರೆಯಿಂದ ಬಂದ ಮೇಲೆ ನೀನು ಕೊನೆಯವರೆಗೂ ಬೇರೆ ಪೇಪರಿನಲ್ಲಿ ಮಂಡಕ್ಕಿ ಹಾಕಿಸಿಕೊಂಡು ದೂರ ಕೂರುತ್ತಿದ್ದೆ. ಕರೆದರೆ, "ನನ್ನಿಂದ ನಿಮಗ್ಯಾಕ ತೊಂದ್ರೆ, ಬ್ಯಾಡ" ಎನ್ನುತ್ತಿದ್ದೆ.

ಇವತ್ತು ಒಂದು ಮಿರ್ಚಿ ಹೆಚ್ಚಿಗೆ ತರಿಸಿ, ನಿನ್ನ ಹೆಸರಿನಲ್ಲಿ ನಮ್ಮ ಪೇಪರಿನ ನಡುವೆಯೇ ಇಟ್ಟೆ. ಆಮೇಲೆ ಅದನ್ನು ನಾನೇ ತಿಂದೆ. ಖಾರ ಚೆನ್ನಾಗಿತ್ತು ಮಾರಾಯ, ಕಣ್ಣಲ್ಲಿ ನೀರು ಬಂತು.

ನಿನ್ನ,
ಶಿವಯೋಗಪ್ಪ