ಹದಿನೇಳನೇ ಮೀನು ಆ ದಾರಿಯಲ್ಲಿ ಹೋಗಲೇ ಇಲ್ಲ

ಮೀನು ಸಂರಕ್ಷಣಾ ಕಚೇರಿಯ ಮಾನ್ಯ ನಿರ್ದೇಶಕರೇ,

ನಿಮ್ಮ ಕಚೇರಿ ಗೋಡೆಗೆ ಗಾಜು ಹಾಕಿಸಿ ತೂಗುಹಾಕಿದ್ದೀರಲ್ಲ, ಹಾಯಿಮೀನು ವಲಸೆ ಹೋಗೋ ದಾರಿ ಅಂತ ಕೆಂಪು ಗೆರೆ ಎಳೆದಿರೋ ನಕ್ಷೆ, ಅದು ಸುಳ್ಳು. ಆ ದಾರಿಯಲ್ಲಿ ಯಾವ ಮೀನೂ ಹೋಗಿಲ್ಲ. ಹೋಗಿದ್ದು ಮೀನಿನ ಬೆನ್ನಿಗೆ ಚುಚ್ಚೋ ಒಂದು ಪ್ಲಾಸ್ಟಿಕ್ ಟ್ಯಾಗು, ಅದೂ ಹರಿದ ಚಪ್ಪಲಿ ತೇಲಿದ ಹಾಗೆ ತೇಲಿಕೊಂಡು. ಆ ಗೆರೆ ನಂಬ್ಕೊಂಡು ನೀವು ಮುಂದಿನ ತಿಂಗಳು ಒಂದನೇ ತಾರೀಖಿಂದ ಖಾಲಿ ನೀರಿಗೆ ಕಾವಲು ಹಾಕ್ತೀರಿ. ಸಮುದ್ರದೊಳಗೆ ಮೀನು ಮೊಟ್ಟೆ ಇಡೋ ದಿಬ್ಬ ಇಷ್ಟು ವರ್ಷ ಬಲೆಗೆ ಮುಚ್ಚಿತ್ತು, ಅದನ್ನ ದೊಡ್ಡ ಬಲೆ ಹಡಗುಗಳಿಗೆ ತೆರೀತೀರಿ. ಇದಕ್ಕೆ ಸಂರಕ್ಷಣೆ ಅಂತ ಹೆಸರು! ಕೂತು ಬರೆಯೋ ತಾಳ್ಮೆ ನನಗಿಲ್ಲ, ಫೋನಿಗೆ ಮಾತಾಡಿ ಪತ್ರಿಕೆಗೆ ಕಳಿಸ್ತಿದ್ದೀನಿ. ಆಡಿದ ಹಾಗೇ ಅಚ್ಚು ಹಾಕಲಿ.

ಇವನ್ಯಾರು ಅಂತೀರಾ? ಗಾಳ ಹಾಕೋ ಶೋಕಿ ಇರೋರನ್ನ ಸಮುದ್ರಕ್ಕೆ ಕರ್ಕೊಂಡು ಹೋಗೋ ದೋಣಿಯಲ್ಲಿ ಕೂಲಿ. ಮೂರು ವರ್ಷದಲ್ಲಿ ಇದು ನನ್ನ ನಾಲ್ಕನೇ ಬಂದರು. ಎಲ್ಲೂ ಕಾಲು ನಿಲ್ಲದ ಆಸಾಮಿ. ದೋಣಿ ನಡೆಸೋ ಯಜಮಾನರನ್ನ ನಾವೆಲ್ಲ ಮಾವ ಅಂತೀವಿ. ಅವರ ದೋಣಿಯಲ್ಲಿ ಹಾಯಿಮೀನನ್ನ ಯಾರೂ ಮೇಲಕ್ಕೆ ಎತ್ತೋ ಹಾಗಿಲ್ಲ. ದೋಣಿ ಪಕ್ಕದಲ್ಲೇ ಅದರ ಉದ್ದ ಮೂತಿ ಹಿಡ್ಕೋಬೇಕು, ಮಾವ ನಿಧಾನಕ್ಕೆ ದೋಣಿ ಓಡಿಸ್ತಾರೆ, ಕಿವಿರಿಗೆ ನೀರು ಹರೀತಿರುತ್ತೆ. "ನೀನು ಬಿಡ್ಬೇಡ ಕಣೋ, ಅದೇ ನಿನ್ನ ಕೈ ಕೊಡವಿಕೊಂಡು ಹೋಗ್ಲಿ" ಅಂತಾರೆ. ಮೀನಿಗೆ ಟ್ಯಾಗು ಹಾಕೋಕೆ ನಿಮ್ಮ ಕಚೇರಿ ನಮ್ಮ ದೋಣಿ ಗೊತ್ತು ಮಾಡಿತ್ತಲ್ಲ, ಮೊದಲ ಹದಿನಾರು ಮೀನು ಹಾಗೇ ಹೋದ್ವು. ನಿಮ್ಮ ಕಚೇರಿಯ ಸಂಶೋಧಕಿ ಮೇಡಂ ಬಗ್ಗಿ, ಬೆನ್ನಿಗೆ ಟ್ಯಾಗು ಚುಚ್ಚಿ, ಒಂದು ನಿಮಿಷದಲ್ಲಿ ಕೆಲಸ ಮುಗಿಸ್ತಿದ್ರು.

ಹದಿನೇಳನೇದಕ್ಕೆ ಮೇಡಂ ಬರಲಿಲ್ಲ. ತಾವು ದಯಮಾಡಿಸಿದ್ರಿ. ಬ್ಯಾನರ್, ಫೋಟೋದವನು, ಇಬ್ಬರು ಅತಿಥಿಗಳು.

"ಸಾರ್, ನೀರಲ್ಲೇ ಇರ್ಲಿ" ಅಂದ್ರು ಮಾವ.

"ನೀರಲ್ಲಿದ್ರೆ ಫೋಟೋದಲ್ಲಿ ನಾನು ಯಾರ ಜೊತೆ ನಿಂತಿದ್ದೀನಿ ಅಂತ ಹೇಗ್ರೀ ಗೊತ್ತಾಗುತ್ತೆ?"

ಎತ್ತಿದ್ವಿ. ಬ್ಯಾನರ್ ತಲೆಕೆಳಗಾಗಿತ್ತು, ಇನ್ನೊಂದು ಸಲ. ನಿಮ್ಮ ಟೋಪಿ ಹಾರಿತು, ಮತ್ತೊಂದು ಸಲ. ನೀಲಿ ಪಟ್ಟೆ ಮಿಂಚ್ತಿದ್ದ ಮೀನು ನಮ್ಮ ಕೈಯಲ್ಲೇ ಬೂದಿ ಬಣ್ಣಕ್ಕೆ ತಿರುಗಿತು. ಅದನ್ನ ಗಮನಿಸಿದ್ದು ನಿಮ್ಮ ಅತಿಥಿ ಒಬ್ಬರೇ, ಪುಣ್ಯಾತ್ಮರು. "ಬಣ್ಣ ಹೋಯ್ತಲ್ಲಯ್ಯ, ಆಮೇಲೆ ಫಿಲ್ಟರ್ ಹಾಕು" ಅಂದ್ರು. ಒಂಬತ್ತು ನಿಮಿಷ, ಸ್ವಾಮಿ. ನಿಮ್ಮ ತಲೆಯನ್ನ ಒಂಬತ್ತು ನಿಮಿಷ ಬಕೆಟ್ಟಿನಲ್ಲಿ ಮುಳುಗಿಸಿಟ್ಟು, ಆಮೇಲೆ ಸ್ವಲ್ಪ ನಗಿ ಅಂದ್ರೆ ನಗ್ತೀರಾ?

ಕೊನೆಗೆ ನೀವು ಟ್ಯಾಗು ಚುಚ್ಚಿದ ಮೇಲೆ ನೀರಿಗಿಳಿಸಿ ಮೂತಿ ಹಿಡ್ಕೊಂಡಿದ್ದೆ. "ಬೇಗ ಬಿಡಪ್ಪ, ವಿಡಿಯೋ ಓಡ್ತಿದೆ" ಅಂದ್ರಿ. "ಬಿಡಬೇಡ್ವೋ, ಹಿಡ್ಕೊ!" ಅಂತ ಮಾವ ಕಿರುಚಿದ್ರು. ನಾನು ನಿಮ್ಮ ಮಾತು ಕೇಳಿದೆ. ಮೀನು ಹೊಟ್ಟೆ ಮೇಲೆ ಮಾಡಿಕೊಂಡು ಕಲ್ಲಿನ ಹಾಗೆ ಇಳೀತು. ನೀವು ಚಪ್ಪಾಳೆ ತಟ್ಟಿದ್ರಿ. ಫಾರ್ಮಿನಲ್ಲಿ 'ಬಿಡುವಾಗಿನ ಸ್ಥಿತಿ' ಅಂತ ಒಂದು ಜಾಗ ಇತ್ತು. "ಉತ್ತಮ ಅಂತ ಬರಿ" ಅಂದ್ರಿ. ಬರೆದೆ. ಕೆಳಗೆ ಸಾಕ್ಷಿ ಅಂತ ಸಹಿ ಹಾಕಿದ್ದೂ ನಾನೇ.

ಆ ಟ್ಯಾಗಿಗೆ ನಿಮಗಿಂತ ಬುದ್ಧಿ ಇದೆ. ಮೀನು ಎಷ್ಟು ಆಳದಲ್ಲಿದೆ ಅಂತ ನೋಡ್ಕೊಳ್ತಾ ಇರುತ್ತೆ. ಮೂರು ದಿನ ಆಳ ಒಂದು ಅಡಿನೂ ಬದಲಾಗದಿದ್ರೆ ಇದು ಸತ್ತಿದೆ ಅಂತ ತಿಳ್ಕೊಂಡು, ಕಳಚಿಕೊಂಡು, ಮೇಲೆ ಬಂದು ಉಪಗ್ರಹಕ್ಕೆ ಸುದ್ದಿ ಕೊಡುತ್ತೆ. ಹದಿನೇಳನೇದು ಮೂರು ದಿನ ತಳದಲ್ಲಿ ಬಿದ್ದಿತ್ತು. ಆಮೇಲೆ ಬರೀ ಟ್ಯಾಗು ಐವತ್ತು ದಿನ ನೀರಿನ ಸೆಳೆತ ಎಳೆದ ಕಡೆ ತೇಲಿತು. ಉಳಿದ ಹದಿನಾರು ದಿಬ್ಬದ ಸುತ್ತಲೇ ಗಿರಕಿ ಹೊಡೀತಿದ್ವು. ಆ ಗೆರೆಗಳು ಗೋಜಲು ಗೋಜಲು, ಗಾಜು ಹಾಕಿಸಿದ್ರೆ ಚೆಂದ ಕಾಣಲ್ಲ. ನಿಮ್ಮ ಮೀನಿನ ಗೆರೆ ಉದ್ದ, ನೇರ, ಭಾಷಣಕ್ಕೆ ಹೇಳಿ ಮಾಡಿಸಿದ್ದು. ಹದಿನಾರು ಜೀವ ಒಂದು ಮಾತು ಹೇಳಿದ್ವು, ಒಂದು ಹೆಣ ಇನ್ನೊಂದು ಹೇಳ್ತು. ನೀವು ಹೆಣದ ಮಾತು ನಂಬಿದ್ರಿ.

ಮೇಡಂ ಕೇಳಿದ್ರಂತಲ್ಲ, ಮೂರು ದಿನ ಆಳ ಯಾಕೆ ಬದಲಾಗಿಲ್ಲ ಅಂತ? ನೀವು ಯಂತ್ರದ ದೋಷ ಅಂದ್ರಂತೆ. ಮೀನು ಚೆನ್ನಾಗಿತ್ತು ಅನ್ನೋಕೆ ನನ್ನ ಸಹಿ ತೋರಿಸಿದ್ರಂತೆ. ಅಬ್ಬಾ, ನನ್ನ ಸಹಿಗೆ ಇಷ್ಟು ಬೆಲೆ! ಟ್ಯಾಗು ಹಾಕಿದ ದಿನಗಳ ಕೂಲಿ ಬಾಕಿ ಕೇಳಿ ನಾನು ಬರೆದ ಅರ್ಜಿ ಮೇಲೆ ಇದೇ ಸಹಿ ನಿಮ್ಮ ಗುಮಾಸ್ತರ ಕಣ್ಣಿಗೇ ಬಿದ್ದಿರಲಿಲ್ಲ.

ಆ ಸಹಿ ನಾನು ವಾಪಸ್ ತಗೋತಿದ್ದೀನಿ. ಒಂದನೇ ತಾರೀಖಿನ ಒಳಗೆ ಹದಿನೇಳನೇ ಟ್ಯಾಗಿನ ಮೊದಲ ಮೂರು ದಿನದ ಆಳದ ಲೆಕ್ಕ ಎಲ್ಲರ ಮುಂದಿಡಿ. ಆ ನಕ್ಷೆ ಗೋಡೆಯಿಂದ ಇಳಿಸಿ. ದಿಬ್ಬ ಮುಚ್ಚಿಯೇ ಇರಲಿ. ಯಾರ ಮುಂದೆ ಬೇಕಾದ್ರೂ ಬಂದು ನಿಂತು ಹೇಳ್ತೀನಿ, ಮೀನು ನನ್ನ ಕೈಯಿಂದಲೇ ಸತ್ತುಹೋಯ್ತು ಅಂತ. ಮಾವ ಅವತ್ತಿಂದ ಒಂದು ಮಾತೂ ಬೈದಿಲ್ಲ, ಆದ್ರೆ ಮೀನು ಬಂದಾಗೆಲ್ಲ ನನ್ನ ಕೈಗೆ ಪೊರಕೆ ಕೊಡ್ತಾರೆ. ಈ ಕೆಲಸವೂ ಹೋದ್ರೆ ನನಗೆ ಐದನೇ ಬಂದರು ಸಿಗುತ್ತೆ. ಆ ಮೀನುಗಳಿಗೆ ಇರೋದು ಒಂದೇ ದಿಬ್ಬ.

ಇಂತಿ,
ನಿಮ್ಮ ಫಾರ್ಮಿನ ಸಾಕ್ಷಿ,
ಹಿಡ್ಕೊ ಅಂದಾಗ ಕೈಬಿಟ್ಟವನು