ಹನ್ನೆರಡನೆಯ ಪಟ

ಕೊಪ್ಪ
೧೨-೯-೧೯೭೪, ಗುರುವಾರ

ಪ್ರಿಯ ಅಫ್ಸರ್,

ನಾನು ಪಟ್ಟಲಮ್ಮನಿಗೆ ಮೋಸ ಮಾಡಿದ್ದೇನೆ. ಫಿಲ್ಮ್ ಮುಗಿದಿದ್ದ ನಿನ್ನ ಕ್ಯಾಮೆರಾವನ್ನು ಆಕೆಯ ಮುಖಕ್ಕೆ ಹಿಡಿದು, ಗುಂಡಿ ಒತ್ತಿ, ಪಟ ತೆಗೆದೆ ಎಂದು ಹೇಳಿದೆ. ನಿಮ್ಮ ಮನೆಯವರ ಕುಶಲ ಕೇಳುವ ಮೊದಲೇ ಇದನ್ನು ಬರೆದುಬಿಡಬೇಕು. ಇಲ್ಲದಿದ್ದರೆ ನಾಲ್ಕು ಪುಟ ಸಿದ್ಧಾಂತ ಬರೆದು ಇದೊಂದನ್ನು ಬಿಟ್ಟುಬಿಡುತ್ತೇನೆ. ನನ್ನ ಅಭ್ಯಾಸ ನಿನಗೆ ಗೊತ್ತು.

ಪಟ್ಟಲಮ್ಮ ಯಾರೆಂದು ನಿನಗೆ ನೆನಪಿರಬೇಕು. ಸಂಕ್ರಾಂತಿಗೆ ನೀನು ಬಂದಾಗ ಆಲೆಮನೆಯಲ್ಲಿ ನಮ್ಮಿಬ್ಬರಿಗೂ ಕಬ್ಬಿನ ಹಾಲು ಕೊಡಿಸಿದ ಕೂಲಿ ಹೆಂಗಸು. ಅವತ್ತೇ ಅಲ್ಲವೇ ನೀನು ಸ್ಟುಡಿಯೋದ ಹಳೆಯ ಬಾಕ್ಸ್ ಕ್ಯಾಮೆರಾವನ್ನೂ ಒಂದು ರೋಲನ್ನೂ ನನ್ನ ಕೈಗಿಟ್ಟು, ಹನ್ನೆರಡೇ ಪಟ, ವರ್ಷವೆಲ್ಲ ಬರಬೇಕು ಎಂದದ್ದು. ನಮ್ಮ ಗೋಡೆ ಪತ್ರಿಕೆಗೆಂದು ಜೋಪಾನವಾಗಿಯೇ ಬಳಸಿದೆ. ಕಬ್ಬು ಕಡಿಯುವ ಕೈ, ಕೊಪ್ಪರಿಗೆ ಮಗುಚುವ ತೋಳು, ಬೇಸಿಗೆಯಲ್ಲಿ ಶಿಂಷಾ ಮರಳಿನಲ್ಲಿ ಒರತೆ ತೋಡಿ ನೀರು ಮೊಗೆಯುವ ಹೆಂಗಸರು, ನಾಲೆಗೆ ನೀರು ಬಿಟ್ಟ ಮೇಲೆ ನಾಟಿ. ಹೀಗೆ ಹನ್ನೊಂದು ಆದವು. ಒಂದರಲ್ಲೂ ಮುಖವಿಲ್ಲ. ಮುಖ ತೆಗೆದರೆ ಅದು ಒಬ್ಬರ ಪಟ, ಬೆನ್ನು ತೆಗೆದರೆ ದುಡಿಯುವ ವರ್ಗದ ಪಟ ಎಂದು ನಿನ್ನ ಸ್ಟುಡಿಯೋದಲ್ಲೇ ನಿಂತು ಭಾಷಣ ಮಾಡಿದವನು ನಾನು.

ನಾಟಿಯ ದಿನ ಪಟ್ಟಲಮ್ಮ ಸೊಂಟ ನೇರ ಮಾಡಿ ಕೇಳಿದಳು: "ಬರೀ ಬೆನ್ನೇ ತಗೀತೀಯಲ್ಲ ವರದಪ್ಪ, ನನ್ ಬೆನ್ ಕಳ್ಸುದ್ರೆ ನಮ್ ಚಿಕ್ಕಣ್ಣ ಗುರ್ತು ಹಿಡ್ದಾನಾ? ಊರ್ನಲ್ಲಿ ಎಲ್ಲಾರ್ ಬೆನ್ನೂ ಒಂದೇ ಕಣಪ್ಪ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಚಿಕ್ಕಣ್ಣ ಆಕೆಯ ಒಬ್ಬನೇ ಮಗ. ಮಿಲಿಟರಿಗೆ ಸೇರಿ ಎರಡು ವರ್ಷವಾಯಿತು, ರಜೆ ಸಿಕ್ಕಿಲ್ಲ. ಬೇಸಿಗೆಯಲ್ಲಿ ಅಲ್ಲಿ ಜ್ವರ ಬಂದು ಮಲಗಿದ್ದ. ಎದ್ದು ಓಡಾಡುವಂತಾದರೆ ಮಾದಪ್ಪನ ಬೆಟ್ಟದಲ್ಲಿ ಮುಡಿ ಕೊಡುತ್ತೇನೆಂದು ಆಕೆ ಹರಕೆ ಹೊತ್ತಿದ್ದಳು. ಅವನು ಎದ್ದ. ಎದ್ದವನು ಅವ್ವನ ಒಂದು ಪಟ ಕಳಿಸಿ ಎಂದು ಬರೆದ. ಆ ಕಾಗದ ಓದಿ ಹೇಳಿದವನೂ ನಾನೇ. ಹಾಗಾಗಿ ಪಟವಾಗುವವರೆಗೆ ಹರಕೆಯನ್ನು ತಡೆದಿಟ್ಟಿದ್ದಳು. "ಬೋಳ್ತಲೆ ಪಟ ಕಳ್ಸುದ್ರೆ, ಅಲ್ಲಿರೋ ಸಿಪಾಯ್ಗೋಳು ನಿಮ್ ತಾತನೇನ್ಲಾ ಅಂದಾರು" ಎಂದಳು. ಕೊನೆಯದು ನಿನಗೇ ಎಂದು ಆಕೆಗೆ ಮಾತು ಕೊಟ್ಟೆ.

ಆಮೇಲೆ ಶಿಂಷಾ ತುಂಬಿತು. ಮದ್ದೂರಿನ ಸೇತುವೆಯ ಕೆಳಗೆ ಕೆಂಪು ನೀರು ಮರದ ಕೊಂಬೆಗಳನ್ನು ಎಳೆದುಕೊಂಡು ಹೋಗುತ್ತಿತ್ತು. ಹನ್ನೆರಡನೆಯ ಪಟ ಅಲ್ಲಿ ಮುಗಿಯಿತು. ಹೊಳೆ ಎಂದು ಬರೆದುಕೊ.

ಎರಡು ವಾರದ ಹಿಂದೆ ಪಟ್ಟಲಮ್ಮ ನಾಲೆ ಏರಿಯ ಹೊಂಗೆಮರದ ಕೆಳಗೆ ನನಗಾಗಿ ಕಾಯುತ್ತಿದ್ದಳು. ಮುಖ ತೊಳೆದು, ಎಣ್ಣೆ ಹಚ್ಚಿ ತಲೆ ಬಾಚಿ, ನೆರೆಮನೆಯ ಚಿಕ್ಕಬೋರಮ್ಮನ ಓಲೆ ಈಸಿಕೊಂಡು ಹಾಕಿಕೊಂಡಿದ್ದಳು. ಫಿಲ್ಮ್ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. "ನಗ್ಬೌದಾ?" ಎಂದು ಕೇಳಿದಳು. ನಗು ಎಂದೆ. ಒತ್ತಿದೆ.

ಚಿಕ್ಕರಸಿನಕೆರೆಯ ಮದುವೆಯಲ್ಲಿ ಗಂಡಿನ ಸೋದರಮಾವ ರುಮಾಲು ಸರಿಮಾಡಿಕೊಂಡು ಮತ್ತೆ ಮತ್ತೆ ಬಂದು ನಿಂತಾಗ ನೀನು ಫಿಲ್ಮಿಲ್ಲದೆ ಒತ್ತಿ ಕಳಿಸಿದೆಯಲ್ಲ, ಬಸ್ಸಿನಲ್ಲಿ ಮಂಡ್ಯದವರೆಗೂ ನಾವು ನಕ್ಕೆವಲ್ಲ, ಅದೇ ವಿದ್ಯೆ. ನಿನ್ನನ್ನು ದೂರಿ ಇಲ್ಲಿ ಒಂದು ವಾಕ್ಯ ಬರೆದಿದ್ದೆ. ಹೊಡೆದುಹಾಕಿದ್ದೇನೆ, ನೋಡು. ಆ ಮಾವನಿಗೆ ಅವತ್ತೇ ಆರು ಪಟ ಆಗಿದ್ದವು. ಪಟ್ಟಲಮ್ಮನಿಗೆ ಹುಟ್ಟಿದಾಗಿನಿಂದ ಒಂದೂ ಇಲ್ಲ.

ಹೊಸ ರೋಲು ತಂದು, ಏನಾದರೂ ನೆಪ ಹೇಳಿ ಮತ್ತೊಮ್ಮೆ ನಿಲ್ಲಿಸಿದರಾಯಿತು ಎಂದುಕೊಂಡಿದ್ದೆ. ಆದರೆ ಪಟವಾಯಿತೆಂದು ನಂಬಿ ಆಕೆ ಈ ಅಮಾವಾಸ್ಯೆಗೇ ಬೆಟ್ಟಕ್ಕೆ ಹೊರಟಿದ್ದಾಳೆ. ಭಾನುವಾರ ಹನ್ನೊಂದರ ಬಸ್ಸಿಗೆ ಮಳವಳ್ಳಿ, ಅಲ್ಲಿಂದ ಮುಂದಕ್ಕೆ. ಬರುವಾಗ ತಲೆಯ ಮೇಲೆ ಕೂದಲಿರುವುದಿಲ್ಲ.

ಇವತ್ತು ಬೆಳಿಗ್ಗೆ ಆಕೆ ಕಳೆ ಕೀಳುತ್ತಿದ್ದ ಗದ್ದೆಗೆ ಹೋಗಿ, ಬದುವಿನ ಮೇಲೆ ನಿಂತು, ಅವತ್ತು ಫಿಲ್ಮ್ ಇರಲಿಲ್ಲವೆಂದು ಹೇಳಿದೆ. ಬೈಯಲಿ ಎಂದು ಕಾದೆ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಆಕೆ ಕೈಯ ಕೆಸರು ತೊಳೆದುಕೊಂಡು ಕೇಳಿದಳು:

"ಅಂಗಾರೆ ನಾನು ಅವತ್ತು ಯಾರ್ನ್ ನೋಡಿ ನಕ್ಕೆ, ಬುದ್ಧಿ?"

ಬುದ್ಧಿ. ಅರ್ಚಕರ ಮಗನೆಂದು ಆಕೆ ಹಾಗೆ ಕರೆಯುತ್ತಿದ್ದುದನ್ನು ಸಂಕ್ರಾಂತಿಯಲ್ಲೇ ಜಗಳವಾಡಿ ಬಿಡಿಸಿದ್ದೆ. ಎಂಟು ತಿಂಗಳು ವರದಪ್ಪ ಎಂದವಳು ಒಂದು ಗಳಿಗೆಯಲ್ಲಿ ನನ್ನನ್ನು ಮತ್ತೆ ಅಲ್ಲಿಗೇ ಕೂರಿಸಿದಳು. ಇನ್ನೊಂದು ಸಲ ನಿಲ್ಲುತ್ತೀಯಾ ಎಂದು ಕೇಳಿದೆ. "ಆ ಸಾಬ್ರ ಹುಡ್ಗನ್ ಕರ್ಸಿ. ಅವ್ನು ತಗೀಲಿ. ನೀವು ಮುಟ್ಬೇಡಿ" ಎಂದು ಹೇಳಿ ಮತ್ತೆ ಬಗ್ಗಿದಳು.

ಆದ್ದರಿಂದ ನೀನೇ ಬರಬೇಕು. ಭಾನುವಾರ ಸ್ಟುಡಿಯೋಗೆ ಗಿರಾಕಿ ಹೆಚ್ಚು ಎಂದು ಗೊತ್ತು. ನಿಮ್ಮ ತಂದೆ ಪೀರ್ ಪಾಷಾ ಅವರು ಬೈದರೆ ನನ್ನ ಹೆಸರು ಹೇಳು, ನಾನೇ ಬಂದು ಬೈಸಿಕೊಳ್ಳುತ್ತೇನೆ. ಅಂಚೆ ತಡವಾದೀತೆಂದು ಬಸ್ಸಿನ ಕಂಡಕ್ಟರ್ ಅಂಕಯ್ಯನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಮುಗಿದ ರೋಲೂ ಜೊತೆಗಿದೆ. ಹೊಸ ರೋಲು ತುಂಬುವುದನ್ನು ಪಟ್ಟಲಮ್ಮನ ಕಣ್ಣೆದುರಿಗೇ ಮಾಡು. ಆಕೆ ಹೇಗೆ ನಿಲ್ಲುತ್ತಾಳೋ ಹಾಗೆ ತೆಗೆ.

ನಿನ್ನ ಗೆಳೆಯ,
ವರದರಾಜ

ಕವರು ಅಂಟಿಸುವ ಮುಂಚೆ ಇನ್ನೊಂದು ಮಾತು. ಹನ್ನೆರಡನೆಯದು ಹೊಳೆಯಲ್ಲ. ರೋಲು ತೊಳೆದಾಗ ಹೇಗೂ ನಿನಗೆ ಕಾಣುತ್ತದೆ. ಸೇತುವೆಯ ಕಟ್ಟೆಗೆ ಒರಗಿ, ನಮ್ಮ ಕರಪತ್ರವೊಂದನ್ನು ಎದೆಗೆ ಹಿಡಿದು, ತಲೆಯೆತ್ತಿ ನಿಂತವನು ನಾನು. ಟೀ ಅಂಗಡಿಯ ಮುದ್ದಯ್ಯನ ಕೈಗೆ ಕ್ಯಾಮೆರಾ ಕೊಟ್ಟು ತೆಗೆಸಿಕೊಂಡೆ. ಮುಖ ಚೆನ್ನಾಗಿ ಬರಲಿ ಎಂದು ಎರಡು ಸಲ ಹೇಳಿದೆ. ಇದನ್ನು ಪಟ್ಟಲಮ್ಮನಿಗೆ ಇನ್ನೂ ಹೇಳಿಲ್ಲ, ನಿನ್ನ ಮುಂದೆಯೇ ಹೇಳುತ್ತೇನೆ. ಭಾನುವಾರ ಬೆಳಿಗ್ಗೆ ಏಳೂವರೆಗೆ, ನಾಲೆ ಏರಿಯ ಹೊಂಗೆಮರದ ಕೆಳಗೆ.